ಹಿಂದಿನಿಂದ ಕಂಡ ಹಿಂಡು

"ಗುರುಗಳೇ, ಆ ಮಕ್ಕಳಿಗೆ ಕತೆ ಹೇಳಲು ಬರುವುದಿಲ್ಲ. ನಾನು ಎಲ್ಲಿಂದ ಆರಂಭಿಸಲಿ?" ಎಂದು ಶಿಷ್ಯೆ ಕೇಳಿದಳು.

ಮೊಬೈಲ್ ಫೋನಿನಲ್ಲಿ ವಿಡಿಯೊ ಚಿತ್ರ ಹಿಡಿದು ಕತೆ ಹೇಳುವುದನ್ನು ಹಳ್ಳಿಯ ಮಕ್ಕಳಿಗೆ ಕಲಿಸಲು ಹೋಗಿದ್ದ ಅವಳು ಒಂದು ತಿಂಗಳ ಬಳಿಕ ಮರಳಿದ್ದಳು. ಮಕ್ಕಳು ಹಿಡಿದ ಚಿತ್ರಗಳಿಗೆ ತಲೆಯೂ ಇಲ್ಲ, ಬುಡವೂ ಇಲ್ಲ ಎಂದು ದೂರಿದಳು. ಗುರುಗಳು ಚಿತ್ರಗಳನ್ನು ತೋರಿಸೆನ್ನಲಿಲ್ಲ. ಕುಳಿತುಕೊಳ್ಳೆಂದು ಹೇಳಿ, ಈ ಕತೆಯನ್ನು ಹೇಳಿದರು.

ಒಬ್ಬ ಉಪಾಧ್ಯಾಯಿನಿ ಆರು ಫೋನುಗಳನ್ನು ಚೀಲದಲ್ಲಿಟ್ಟುಕೊಂಡು ಕುರಿಗಾಹಿಗಳ ಬಿಡಾರಕ್ಕೆ ಹೋದಳು. ಆ ಕುರಿಗಾಹಿಗಳು ವರ್ಷದಲ್ಲಿ ಏಳೆಂಟು ತಿಂಗಳು ಊರು ಬಿಟ್ಟು, ಮೇವು ಇದ್ದಲ್ಲಿಗೆ ಹಿಂಡಿನೊಂದಿಗೆ ನಡೆಯುವವರು. ಮಕ್ಕಳೂ ಜೊತೆಗೆ ನಡೆಯುವರು. ಶಾಲೆಯ ಕಟ್ಟಡ ಅವರೊಂದಿಗೆ ಹೋಗಲಾರದು. ಆದ್ದರಿಂದ ಉಪಾಧ್ಯಾಯಿನಿಯೇ ಹೋದಳು.

ಅವಳು ಒಳ್ಳೆಯವಳು. ಅವರು ಕೊಟ್ಟ ಸಜ್ಜೆ ರೊಟ್ಟಿಯನ್ನು ತಿಂದಳು. ಚಿಕ್ಕವರ ಮೂಗು ಒರೆಸಿದಳು. ಕುರಿಮರಿಯನ್ನು ಮಡಿಲಲ್ಲಿಟ್ಟುಕೊಂಡೇ ಪಾಠ ಹೇಳಿದಳು. ಬೆಳಕು ಬೆನ್ನಿಗಿರಲಿ, ಮುಖ ಕಾಣಲಿ, ಮಾತು ಸ್ಪಷ್ಟವಾಗಿರಲಿ ಎಂದು ಕಲಿಸಿದಳು. ತಪ್ಪಿದರೆ ಮತ್ತೆ ಮಾಡಿಸಿದಳು. ಆದರೂ ಮಕ್ಕಳು ಅವಳನ್ನು ಬಿಟ್ಟಿರಲಾರದಷ್ಟು ಹಚ್ಚಿಕೊಂಡರು.

ಅವರಲ್ಲಿ ಮಾಳವ್ವನೆಂಬ ಹನ್ನೊಂದು ವರ್ಷದ ಹುಡುಗಿಯಿದ್ದಳು. ಅವಳ ತಾಯಿ ಬೀರವ್ವ ಕಾಲು ಮುರಿದುಕೊಂಡು ಆ ವರ್ಷ ಊರಿನಲ್ಲೇ ಉಳಿದಿದ್ದಳು. ಮದುವೆಯಾದಂದಿನಿಂದ ಬೀರವ್ವ ಹಿಂಡನ್ನು ಒಂದು ವಾರವೂ ಅಗಲಿದವಳಲ್ಲ. ಈಗ ಐದು ತಿಂಗಳಾಗಿತ್ತು. ಹಿಂಡನ್ನೂ ಕಂಡಿರಲಿಲ್ಲ, ಮಗಳನ್ನೂ ಕಂಡಿರಲಿಲ್ಲ.

ಪ್ರತಿಯೊಬ್ಬರೂ ಎರಡು ನಿಮಿಷದ ಒಂದು ಕತೆಯನ್ನು ಚಿತ್ರೀಕರಿಸಿ ತರಬೇಕೆಂದು ಉಪಾಧ್ಯಾಯಿನಿ ಹೇಳಿದಾಗ, ಮಾಳವ್ವ ಹಿಂದೆ ಉಳಿದು ಕೇಳಿದಳು: "ನಂದು ಅವ್ವಗ ಕಳಸ್ತೀರೇನ್ರಿ, ಅಕ್ಕೋರೆ? ಬಾಜೂ ಮನಿಯವರ ಫೋನಿಗೆ ಬರತೈತಿ."

"ಖಂಡಿತ ಕಳುಹಿಸುತ್ತೇನೆ," ಎಂದು ಉಪಾಧ್ಯಾಯಿನಿ ಮಾತು ಕೊಟ್ಟಳು.

ಮೂರನೆಯ ದಿನ ಮಾಳವ್ವ ತನ್ನ ಚಿತ್ರವನ್ನು ತಂದಳು. ಎರಡು ನಿಮಿಷವೂ ಕುರಿಗಳ ಬೆನ್ನು, ಬಾಲ, ಹಿಂಗಾಲು. ಒಂದು ಮುಖವಿಲ್ಲ. ಮಾತಿಲ್ಲ. ಹಿಂಡನ್ನು ನಡೆಸಲು ನಾಲಿಗೆಯಿಂದ ಮಾಡುವ ಸದ್ದು ಮಾತ್ರ ನಡುನಡುವೆ ಕೇಳುತ್ತಿತ್ತು.

"ಇದೇನು ಮಾಳವ್ವ, ಬಾಲಗಳ ಮೆರವಣಿಗೆ!" ಎಂದು ಉಪಾಧ್ಯಾಯಿನಿ ನಕ್ಕಳು.

"ಆಕಿ ಕುರಿಗೆ ಮಾರಿನ ಇಲ್ರಿ, ಅಕ್ಕೋರೆ!" ಎಂದು ಉಳಿದವರು ಕೇಕೆ ಹಾಕಿದರು.

"ಕುರಿ ಹಿಂದಿಂದನ ಕಾಣತಾವಲ್ರಿ," ಎಂದಳು ಮಾಳವ್ವ. "ಮುಂದ ಯಾಕ ನಿಲ್ಲಬೇಕ್ರಿ?"

"ಕತೆ ಹೇಳುವವರು ಮುಂದೆ ನಿಲ್ಲಬೇಕು, ಮಗು. ನಿನ್ನ ಮುಖ ನೋಡಬೇಕೆಂದು ನಿನ್ನ ತಾಯಿಗೆ ಆಸೆಯಿರುವುದಿಲ್ಲವೇ?"

ಮಾಳವ್ವ ಹೂಂ ಎಂದು ತಲೆಯಾಡಿಸಿದಳು. ಆಸೆ ಇರುವುದು ನಿಜವಾಗಿತ್ತು.

ಮರುದಿನ ಬೆಳಿಗ್ಗೆ ಉಪಾಧ್ಯಾಯಿನಿ ಹುಡುಗಿಯ ತಲೆ ಬಾಚಿ, ಅವಳನ್ನು ಹಿಂಡಿನ ಮುಂದೆ ನಿಲ್ಲಿಸಿದಳು. ಹಿಂಡು ನಿಂತಿತು. ಚಿತ್ರದಲ್ಲಿ ಎದೆಯಿಂದ ಮೇಲಕ್ಕೆ ಹುಡುಗಿ, ಅವಳ ಹಿಂದೆ ಇತ್ತ ಮುಖಮಾಡಿ ನಿಂತ ಕುರಿಗಳು. "ನನ್ನ ಹೆಸರು ಮಾಳವ್ವ. ಇವು ನಮ್ಮ ಕುರಿಗಳು. ಇಲ್ಲಿ ಎಲ್ಲವೂ ಕ್ಷೇಮವಾಗಿದೆ," ಎಂದು ಹುಡುಗಿ ಹೇಳಿದಳು. ಆರು ಸಲ ತಪ್ಪಿ, ಏಳನೆಯ ಸಲ ಅಕ್ಷರವೂ ತಪ್ಪದಂತೆ ಹೇಳಿದಳು. ಉಪಾಧ್ಯಾಯಿನಿಯ ಕಣ್ಣು ತುಂಬಿತು. ಬಿಡಾರವಿದ್ದ ಗುಡ್ಡದ ಮಗ್ಗುಲಲ್ಲಿ ಸಿಗ್ನಲ್ ಇರಲಿಲ್ಲ. ಸಂತೆಯ ದಿನ ಊರಿಗೆ ಹೋದಾಗ ಅವಳು ಆ ಚಿತ್ರವನ್ನು ಬೀರವ್ವನಿಗೆ ಕಳುಹಿಸಿದಳು.

ಮೂರನೆಯ ದಿನ ಮಧ್ಯಾಹ್ನ ಬೀರವ್ವನೇ ಬಿಡಾರಕ್ಕೆ ಬಂದಳು. ಎಲ್ಲರೂ ಕುರಿ ಮೇಯಿಸಲು ಹೋಗಿದ್ದರು. ಉಪಾಧ್ಯಾಯಿನಿಯೊಬ್ಬಳೇ ಇದ್ದಳು. ಬೀರವ್ವ ಎರಡು ಬಸ್ಸು ಬದಲಿಸಿ, ಡಾಂಬರು ರಸ್ತೆಯಿಂದ ದಾರಿ ಕೇಳುತ್ತ ಕೋಲೂರಿಕೊಂಡು ನಡೆದಿದ್ದಳು. ಮುರಿದ ಕಾಲು ಊದಿ ಮಡಕೆಯಾಗಿತ್ತು.

ಅವಳು ನೀರು ಕೇಳಲಿಲ್ಲ. "ಎಷ್ಟು ಸತ್ತಾವ್ರಿ?" ಎಂದು ಕೇಳಿದಳು.

"ಯಾವುದೂ ಸತ್ತಿಲ್ಲವಮ್ಮ. ಎಲ್ಲವೂ ಚೆನ್ನಾಗಿವೆ."

"ಮುಚ್ಚಿಡಬ್ಯಾಡ್ರಿ. ಫೋನಿನ್ಯಾಗ ನೋಡೀನಿ, ಹಿಂಡು ನಿಂತಿತ್ತು. ಮುಂಜಾನಿ ಹೊತ್ತಿನ್ಯಾಗ ಹಿಂಡು ಸುಮ್ಮಸುಮ್ಮನ ನಿಲ್ಲತೈತೇನು? ಬ್ಯಾನಿ ಬಿದ್ದಾಗ ನಾವು ಮುಂದ ಹೋಗಿ ತಡೀತೀವಿ. ಮ್ಯಾಲ ನನ್ನ ಮಗಳು ಕ್ಷೇಮ ಅಂತಾಳ. ನಮ್ಮ ಮನ್ಯಾಗ ಯಾರು ಕ್ಷೇಮ ಅಂತಾರ್ರಿ? ಯಾರೋ ಬಾಯಿಪಾಠ ಮಾಡಿಸಿ ಆಡಿಸ್ಯಾರ ಅಂತ ಗೊತ್ತಾತು. ಫೋನ್ ಹಚ್ಚಿದೆ, ಹತ್ತಲಿಲ್ಲ. ಬಂದೆ."

ಉಪಾಧ್ಯಾಯಿನಿ ಆಣೆ ಮಾಡಿದಳು. ಬೀರವ್ವ ನಂಬಲಿಲ್ಲ. ಹಿಂಡು ಯಾವ ದಿಕ್ಕಿಗೆ ಹೋಗಿದೆಯೆಂದು ಕೇಳಿ, ಮತ್ತೆ ಕೋಲು ಹಿಡಿದು ಎದ್ದಳು. ಆ ಕಾಲಿನಲ್ಲಿ ಅವಳು ಇನ್ನು ಒಂದು ಹರಿದಾರಿ ನಡೆದರೆ ಮುಂದೆ ಎಂದೂ ನಡೆಯಲಾರಳು ಎಂಬುದು ಉಪಾಧ್ಯಾಯಿನಿಗೆ ಕಾಣುತ್ತಿತ್ತು. ಏನು ಮಾಡಬೇಕೆಂದು ತೋಚದೆ ಅವಳು ಫೋನನ್ನು ತೆಗೆದಳು. ಅಳಿಸಬೇಕೆಂದುಕೊಂಡು ಮರೆತಿದ್ದ ಮೊದಲಿನ ಚಿತ್ರ ಅದರಲ್ಲಿತ್ತು. ಅದನ್ನು ಬೀರವ್ವನ ಕೈಗೆ ಕೊಟ್ಟಳು.

ಬೀರವ್ವ ನಿಂತೇ ನೋಡತೊಡಗಿದಳು. ಸ್ವಲ್ಪ ಹೊತ್ತಿಗೆ ಕುಳಿತಳು. ಕೋಲು ಕೈಯಿಂದ ಜಾರಿತು.

"ಕರೇಕಿವಿ ಕುರಿ ಗಬ್ಬ ಐತಿ," ಎಂದಳು. "ಚುಕ್ಕಿ ಮರಿ ಹಾಕೇತಿ, ಮರಿ ಹಿಂದ ಬಿದ್ದಿಲ್ಲ. ಬೋಳಿ ಎಡಗಾಲ ಎತ್ತಿ ಎತ್ತಿ ಇಡತೈತಿ. ಮುಳ್ಳು ಮುರದೈತಿ. ಮಾಳಿ ಅದನ್ನ ಎರಡು ಸಲ ತೋರಿಸ್ಯಾಳ ನೋಡ್ರಿ, ನನಗ ಗೊತ್ತಾಗಲಿ ಅಂತ."

ಉಪಾಧ್ಯಾಯಿನಿ ಬಾಗಿ ನೋಡಿದಳು. ಅವಳಿಗೆ ಎಲ್ಲ ಕಾಲುಗಳೂ ಒಂದೇ ಆಗಿ ಕಂಡವು.

ಚಿತ್ರ ಮುಗಿಯಿತು. ಬೀರವ್ವ ಅದನ್ನು ಮತ್ತೆ ಹಚ್ಚಿಸಿದಳು. ಎರಡನೆಯ ಸಲ ನೋಡುವಾಗ ಅವಳ ಮುಖ ಅರಳಿತು.

"ನನ್ನ ಮಗಳು ಉದ್ದ ಆಗ್ಯಾಳ," ಎಂದಳು.

"ಇದರಲ್ಲಿ ಮಾಳವ್ವ ಎಲ್ಲಿದ್ದಾಳಮ್ಮ?"

"ಹಿಡದಾಕಿ ಯಾರ್ರಿ, ಅಕ್ಕೋರೆ?" ಎಂದು ಬೀರವ್ವ ಮೊದಲ ಬಾರಿಗೆ ನಕ್ಕಳು. "ಹಿಂಡು ಊರು ಬಿಟ್ಟಾಗ ದೊಡ್ಡ ಟಗರಿನ ಬೆನ್ನಿನ ಆಚಿ ಏನೂ ಆಕಿಗೆ ಕಾಣತಿರಲಿಲ್ಲ. ಈಗ ಬೆನ್ನು ದಾಟಿ ಆಚಿನ ಮರಿ ಕಾಣಾಕತ್ತೇತಿ."

ಉಪಾಧ್ಯಾಯಿನಿ ನೀರು ಕಾಯಿಸಿ ತಂದು, ಆಕೆಯ ಕಾಲನ್ನು ತನ್ನ ಮಡಿಲಲ್ಲಿಟ್ಟುಕೊಂಡು ಕಾವು ಕೊಟ್ಟಳು. ಹಿಂಡು ಮರಳುವವರೆಗೆ ಬೀರವ್ವ ಆ ಬಾಲಗಳನ್ನು ಇನ್ನೂ ನಾಲ್ಕು ಸಲ ನೋಡಿದಳು.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಶಿಷ್ಯೆ ಹೇಳಿದಳು: "ಆದರೆ ಗುರುಗಳೇ, ಆ ಚಿತ್ರವನ್ನು ನಾನು ನೋಡಿದ್ದರೂ ನನಗೆ ಬಾಲಗಳೇ ಕಾಣುತ್ತಿದ್ದವು."

ಗುರುಗಳು ಅವಳ ತಲೆಯ ಮೇಲೆ ಕೈಯಿಟ್ಟು ಒಂದೇ ಒಂದು ಮಾತು ಕೇಳಿದರು.

"ನಿನ್ನ ಮಕ್ಕಳಿಗೆ ಕತೆ ಹೇಳಲು ಬರುವುದಿಲ್ಲ ಎಂದೆಯಲ್ಲ, ಆ ಕತೆಗಳನ್ನು ಅವರು ಯಾರಿಗೆ ಹೇಳುತ್ತಿದ್ದರು?"