ಹೋಗುವ ಬಸ್ಸಿಗೆ ಟಾಟಾ

ದಾರಿಹೋಕರಿಗೆ ನೀರು ಕೊಡುವ ಚಪ್ಪರಕ್ಕೆ ಒಂದು ಹೆಸರಿದೆ. ಅರವಂಟಿಗೆ... ಅಲ್ಲ, ಅರವಟ್ಟಿ... ಹಾಂ, ಅರವಟ್ಟಿಗೆ. ಹೊಳೆಯ ಪಕ್ಕದ ರಸ್ತೆಯಲ್ಲಿ, ಹುಣಸೆ ಮರದ ಕೆಳಗೆ, ಹಂಪವ್ವನ ಅರವಟ್ಟಿಗೆ ಇತ್ತು.

ಹಂಪವ್ವ ಒಂದು ಕಾಲಕ್ಕೆ ಓಡುವ ಗಾಡಿಗಳ ಫೋಟೋ ತೆಗೆದು ಹೆಸರಾದವಳು. ಈಗ ಮಡಕೆಯ ನೀರು ಕೊಡುವುದೇ ಅವಳ ಕೆಲಸ. ಚಪ್ಪರದ ಕಂಬದ ಮೇಲೆ ಒಂದೇ ಒಂದು ಫೋಟೋ ಉಳಿದಿತ್ತು: ಓಡುವ ಜಟಕಾ. ಅದನ್ನು ನೋಡಿದವರು ಒಂದು ಹೆಜ್ಜೆ ಹಿಂದೆ ಸರಿದು ದಾರಿ ಬಿಡುತ್ತಿದ್ದರು.

ಹಾಗೆ ಹಿಂದೆ ಸರಿದವಳೇ ನೀಲವ್ವ. ಮರುದಿನ ಕ್ಯಾಮೆರಾ ಹಿಡಿದುಕೊಂಡು ಬಂದಳು.

"ಏನು ಕಲೀಬೇಕು?" ಎಂದಳು ಹಂಪವ್ವ.

"ನಮ್ಮಪ್ಪ ಬಸ್ ಡ್ರೈವರ್, ಅವ್ವಾ. ದಿನಾ ಮಧ್ಯಾಹ್ನ ಇದೇ ದಾರಿಯಲ್ಲಿ ಹೋಗ್ತಾನೆ. ದೀಪಾವಳಿ ಮುಗಿದರೆ ನಿವೃತ್ತಿ. ಅವನು ಬಸ್ ಓಡಿಸೋದು ಒಂದು ಫೋಟೋದಲ್ಲಿ ಉಳೀಬೇಕು."

"ನಿಲ್ಲಿಸಿ ತೆಗೆದರಾಯಿತಲ್ಲ?"

"ಒಪ್ಪೋದಿಲ್ಲ. ನಿಂತ ಬಸ್ಸಿನಲ್ಲಿ ಯಾರು ಬೇಕಾದರೂ ಕೂರಬಹುದು, ನಾನು ಓಡಿಸಿದವನು ಅಂತಾನೆ."

ಹಂಪವ್ವ ನಕ್ಕಳು. "ಮನೆಯಲ್ಲೇ ಗುರು ಇದ್ದಾನೆ, ಇಲ್ಲಿಗೆ ಬಂದಿದ್ದೀಯ. ಇರಲಿ, ತೆಗಿ ನೋಡೋಣ."

ಮಧ್ಯಾಹ್ನ ಬಸ್ಸು ಬಂತು. ನೀಲವ್ವ ಕ್ಷಣಾರ್ಧದಲ್ಲಿ ಫೋಟೋ ತೆಗೆದಳು. ಬಸ್ಸಿನ ಒಂದೊಂದು ಮೊಳೆಯೂ ಸ್ಪಷ್ಟವಾಗಿತ್ತು.

ಹಂಪವ್ವ ಕ್ಯಾಮೆರಾದ ಪುಟ್ಟ ಪರದೆಯನ್ನು ಕಣ್ಣಿನ ಹತ್ತಿರ ಹಿಡಿದಳು.

"ಅಯ್ಯೋ ಪಾಪ. ಪಂಕ್ಚರ್ ಆಗಿತ್ತಾ?"

ನೀಲವ್ವ ನೋಡಿದಳು. ನಿಜ. ಚಕ್ರ ಕಲ್ಲಿನ ಹಾಗೆ ನಿಂತುಬಿಟ್ಟಿತ್ತು.

ಮರುದಿನ ಕ್ಯಾಮೆರಾದ ಕಣ್ಣನ್ನು ತುಸು ಹೆಚ್ಚು ಹೊತ್ತು ತೆರೆದಿಟ್ಟಳು. ಫೋಟೋದಲ್ಲಿ ಬಸ್ಸು ಓಡಿತು, ನಿಜ. ಆದರೆ ಅಪ್ಪನ ಮುಖವೂ ಕರಗಿ ನೀರಾಗಿತ್ತು.

"ಇದು ಬಸ್ಸಲ್ಲ, ಬಸ್ಸಿನ ದೆವ್ವ" ಎಂದಳು ಹಂಪವ್ವ. ಕ್ಯಾಮೆರಾವನ್ನು ಕಿತ್ತುಕೊಂಡು ಮಡಕೆಯ ಪಕ್ಕದ ಕಂಬದ ಮೊಳೆಗೆ ನೇತುಹಾಕಿದಳು. "ಇನ್ನು ಮೇಲೆ ಹೋಗುವ ಗಾಡಿಗೆಲ್ಲ ಟಾಟಾ ಮಾಡು."

"ಟಾಟಾನಾ? ನಾನೇನು ಚಿಕ್ಕ ಮಗೂನಾ?"

"ಅಲ್ಲವಲ್ಲ, ಅದೇ ತೊಂದರೆ."

ನೀಲವ್ವ ನಾಚಿಕೊಂಡೇ ಕೈ ಎತ್ತಿದಳು. ಒಂದು ಲಾರಿ ಹೋಯಿತು.

"ನೊಣ ಓಡಿಸ್ತಿದ್ದೀಯೇನು?" ಹಂಪವ್ವ ಗದರಿದಳು. "ದೂರದಲ್ಲಿ ಕಂಡಾಗಲೇ ಶುರು ಮಾಡು. ಮರೆಯಾಗುವವರೆಗೆ ಕಣ್ಣು ಬಿಡಬೇಡ. ಊರಿಗೆ ಹೊರಟ ತಂಗಿಯನ್ನು ಹೀಗೆ ಕಳಿಸ್ತಾರಾ?"

ಅಂದಿನಿಂದ ನೀಲವ್ವ ಟಾಟಾ ಮಾಡಿದಳು. ಟೆಂಪೋಗೆ, ಕಬ್ಬಿನ ಟ್ರ್ಯಾಕ್ಟರಿಗೆ, ಹೊಳೆ ದಾಟುವ ಹರಿಗೋಲಿಗೆ. ಮೊದಲು ಕೈ ಮಾತ್ರ ಆಡುತ್ತಿತ್ತು. ಬರುಬರುತ್ತಾ ಕಾಲು ನೆಲಕ್ಕೆ ಊರಿಕೊಂಡಿತು, ಸೊಂಟ ತಾನಾಗಿ ತಿರುಗತೊಡಗಿತು. ಲಾರಿಯವರು ಹಾರ್ನ್ ಬಾರಿಸಿ ಹೋಗುತ್ತಿದ್ದರು. ಟ್ರ್ಯಾಕ್ಟರಿನವನೊಬ್ಬ ಕಬ್ಬಿನ ಜಲ್ಲೆಯನ್ನೇ ಎಸೆದು ಹೋದ. ಅಪ್ಪ ಮೊದಮೊದಲು ಕಣ್ಣು ಬಿಟ್ಟು ನೋಡಿದ. ಆಮೇಲೆ ತಾನೂ ಕೈ ಬೀಸತೊಡಗಿದ.

ನೀಲವ್ವನಿಗೆ ಖುಷಿಯೇನೋ ಆಗುತ್ತಿತ್ತು. ಆದರೆ ಕ್ಯಾಮೆರಾ ಮೊಳೆಯ ಮೇಲೇ ಇತ್ತು. ದೀಪಾವಳಿಯೂ ಮುಗಿಯಿತು.

"ಅವ್ವಾ, ಇವತ್ತೇ ಅಪ್ಪನ ಕೊನೇ ಟ್ರಿಪ್! ಫೋಟೋ ತೆಗೆಯೋದು ಯಾವಾಗ ಹೇಳಿಕೊಡ್ತೀರಿ?"

"ಲೋಟ ತೊಳೆದೆಯಾ?"

ಅಷ್ಟರಲ್ಲಿ ತಿರುವಿನಲ್ಲಿ ಹಾರ್ನ್ ಕೇಳಿಸಿತು. ಬಸ್ಸಿನ ಹಣೆಯ ತುಂಬ ಚೆಂಡು ಹೂವಿನ ಮಾಲೆ. ನೀಲವ್ವ ಒಮ್ಮೆ ಬಸ್ಸನ್ನೂ ಒಮ್ಮೆ ಮೊಳೆಯ ಮೇಲಿನ ಕ್ಯಾಮೆರಾವನ್ನೂ ನೋಡಿದಳು. ಹಂಪವ್ವ ಕ್ಯಾಮೆರಾವನ್ನು ಅವಳ ಕೈಗೆ ತುರುಕಿದಳು.

"ಯೋಚಿಸಬೇಡ. ಟಾಟಾ ಮಾಡು!"

ನೀಲವ್ವ ಕ್ಯಾಮೆರಾವನ್ನು ಕಣ್ಣಿಗೆ ಹಿಡಿದು ಕಾಲು ಊರಿದಳು. ಬಸ್ಸು ಬಂತು, ಅವಳೂ ಬಸ್ಸಿನ ಜೊತೆ ತಿರುಗಿದಳು. ನಡುವೆ ಎಲ್ಲೋ ಬೆರಳು ಒತ್ತಿತು. ಬಸ್ಸು ಮರೆಯಾಗುವವರೆಗೂ ತಿರುಗುತ್ತಲೇ ಇದ್ದಳು.

ಸಂಜೆ ಅಪ್ಪ ಕೊರಳಲ್ಲಿ ಮಾಲೆ ಹಾಕಿಕೊಂಡೇ ಅರವಟ್ಟಿಗೆಗೆ ನಡೆದು ಬಂದ. ಮೂವರೂ ಪರದೆಯ ಮೇಲೆ ಬಾಗಿದರು. ಹುಣಸೆ ಮರ, ರಸ್ತೆ, ಹೊಳೆ ಎಲ್ಲವೂ ಗೆರೆಗೆರೆಯಾಗಿ ಹಿಂದಕ್ಕೆ ಓಡುತ್ತಿದ್ದವು. ಚಕ್ರ ಗಿರಗಿರ ತಿರುಗುತ್ತಿತ್ತು. ಕಿಟಕಿಯಲ್ಲಿ ಅಪ್ಪನ ಮುಖ, ಮೀಸೆ, ಮುರಿದ ಹಲ್ಲು, ಎತ್ತಿದ ಕೈ, ಎಲ್ಲವೂ ಸ್ಪಷ್ಟವಾಗಿದ್ದವು.

ಅಪ್ಪ ಪರದೆಯನ್ನು ನೋಡಿದ. ಅರಿವಿಲ್ಲದೆ ಒಂದು ಹೆಜ್ಜೆ ಹಿಂದೆ ಸರಿದ. ಆಮೇಲೆ ಕಣ್ಣೊರೆಸಿಕೊಂಡು ನಕ್ಕ.

"ಸ್ಟೇರಿಂಗ್ ಬಿಟ್ಟು ಕೈ ಬೀಸ್ತಿದ್ದೀನಲ್ಲೇ! ಪುಣ್ಯಕ್ಕೆ ಇವತ್ತೇ ನಿವೃತ್ತಿ ಆಯ್ತು. ಸಾಹೇಬರು ನೋಡಿದ್ದರೆ ಮನೆಗೇ ಕಳಿಸ್ತಿದ್ದರು."

ನೀಲವ್ವ ಮಾತ್ರ ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಅವ್ವಾ, ಇದು ಹೇಗೆ? ನಿಂತ ಮರ, ನಿಂತ ರಸ್ತೆ ಎಲ್ಲಾ ಓಡಿಹೋಗಿವೆ. ಓಡುತ್ತಿದ್ದ ಅಪ್ಪನೊಬ್ಬ ನಿಂತಿದ್ದಾನೆ."

ಹಂಪವ್ವ ಮಡಕೆಯಿಂದ ಅಪ್ಪನಿಗೊಂದು ಲೋಟ ನೀರು ಕೊಟ್ಟಳು. ಕ್ಯಾಮೆರಾವನ್ನು ತೆಗೆದುಕೊಂಡು ಮತ್ತೆ ಮೊಳೆಗೆ ನೇತುಹಾಕಿದಳು. ಆಮೇಲೆ ತಿರುವಿನ ಕಡೆ ನೋಡಿದಳು.

"ಕೇಳೋದನ್ನೆಲ್ಲ ಆಮೇಲೆ ಕೇಳು. ಟ್ರ್ಯಾಕ್ಟರ್ ಬಂತು, ಕೈ ಎತ್ತು."