ಹಗ್ಗದ ಎರಡನೆಯ ಕಣ್ಣು

ನದಿ ಕಡಲು ಸೇರುವ ದಂಡೆಯ ಮೇಲೆ ಜಟಗಜ್ಜ ಹಾಯಿದೋಣಿಗಳಿಗೆ ಹಗ್ಗ ಹೆಣೆಯುತ್ತಿದ್ದ. ಶೇಷಿ ಅವನ ಶಿಷ್ಯೆ. ಒಂದು ವರ್ಷ ಅವನ ಎದುರು ಕೂತು ಕಲಿತಳು. ಒಂದು ದಿನವೂ ಅವನನ್ನು ನಂಬಲಿಲ್ಲ.

ಅವಳ ಗಂಡ ವಾಸು ದೋಣಿಯ ಹಾಯಿ ಕಟ್ಟುವ ಕೂವೆಮರದ ತುದಿಯಿಂದ ಬಿದ್ದು ಸತ್ತಿದ್ದ. ಅವನು ಕೂತಿದ್ದ ಹಲಗೆಯನ್ನು ಎರಡು ಹಗ್ಗಗಳು ಹೊತ್ತಿದ್ದವು. ಒಂದರ ತುದಿಯ ಕುಣಿಕೆ ಬಿಚ್ಚಿಕೊಂಡಿತ್ತು. ಆ ಕುಣಿಕೆಗೆ ದಂಡೆಯವರು ಕಣ್ಣು ಎನ್ನುತ್ತಾರೆ.

ಗಾಳಿ ಕೊಂದಿತು ಎಂದ ದೋಣಿಯ ಧಣಿ. ಕಡಲಮ್ಮ ಕರೆದಳು ಎಂದಿತು ಊರು. ಗಾಳಿಯೂ ಕಡಲೂ ತಿರುಗಿ ಮಾತಾಡುವುದಿಲ್ಲ. ತಪ್ಪನ್ನು ಅವುಗಳ ತಲೆಗೆ ಕಟ್ಟುವುದು ಸುಲಭ.

ಕಣ್ಣು ಹೆಣೆದವರು ಯಾರು ಎಂದು ಒಬ್ಬರೂ ಕೇಳಲಿಲ್ಲ.

ಶೇಷಿ ಕೇಳಲೆಂದೇ ಬಂದವಳು. ಆದರೆ ಏನೂ ತಿಳಿಯದವಳಿಗೆ ಯಾರೂ ನಿಜ ಹೇಳುವುದಿಲ್ಲ. ಅದಕ್ಕೇ ಮೊದಲು ಕಲಿತಳು.

"ತುದಿ ಬಿಚ್ಚಿ ಮೂರು ಎಳೆ ಮಾಡು. ಕಬ್ಬಿಣದ ಉಂಗುರದ ಸುತ್ತ ಮಡಚು. ಎಳೆಗಳನ್ನು ಹಗ್ಗದ ಮೈಯೊಳಗೇ ತೂರಿಸು," ಎನ್ನುತ್ತಿದ್ದ ಅಜ್ಜ.

"ಎಷ್ಟು ಸಲ?"

"ಐದು."

"ಎರಡಾದರೆ?"

"ನೋಡೋಕೆ ಚೆಂದ. ಮನುಷ್ಯನನ್ನು ಹೊರೋದಿಲ್ಲ."

ಹೆಣೆದ ಮೇಲೆ ಡಾಂಬರು ದಾರ ಸುತ್ತುವುದು ವಾಡಿಕೆ. ಸುತ್ತಿದ ಮೇಲೆ ಐದೂ ಒಂದೇ, ಎರಡೂ ಒಂದೇ. ಶೇಷಿ ಅದನ್ನು ಮೊದಲ ದಿನವೇ ಗಮನಿಸಿದ್ದಳು.

ಹೊಸ ದೋಣಿಯೊಂದು ಸಿದ್ಧವಾಯಿತು. ಧಣಿ ಅವನೇ, ವಾಸು ಬಿದ್ದ ದೋಣಿಯವನು. ನಾಳೆ ಕೂವೆಮರ ಹತ್ತುವವನು ಶೇಷಿಯ ತಮ್ಮ ಗಣಪು.

"ಅಜ್ಜ, ವಾಸುವಿನ ಹಗ್ಗ ಹೆಣೆದದ್ದು ಯಾರು?"

ಅಜ್ಜನ ಕೈ ನಿಲ್ಲಲಿಲ್ಲ. "ಕೇಳೋಕೆ ಒಂದು ವರ್ಷ ಬೇಕಾಯ್ತಾ?"

"ಬೇಕಾಯ್ತು. ಈಗ ಸುಳ್ಳು ಹೇಳಿದರೆ ನನಗೆ ಗೊತ್ತಾಗ್ತದೆ."

"ಭಾರೀ ಜೋರಿದ್ದೀಯಲ್ಲ, ಮಗಳೆ."

"ನಾಳೆ ಹತ್ತುವವನು ನನ್ನ ತಮ್ಮ. ನಿನ್ನ ಮೊಮ್ಮಗ ಅಲ್ಲ."

ಅಜ್ಜ ಎದ್ದು ಗುಡಿಸಲೊಳಗೆ ಹೋದ. ಒಂದು ತುಂಡು ಹಗ್ಗ ತಂದು ಅವಳ ಮಡಿಲಿಗೆ ಹಾಕಿದ. ತುದಿಯಲ್ಲಿ ಕಣ್ಣು, ಮೇಲೆ ಕಪ್ಪು ದಾರ, ಗಟ್ಟಿಮುಟ್ಟು.

"ವಾಸುವಿನ ಹಲಗೆಯಲ್ಲಿ ಬಿಚ್ಚದೆ ಉಳಿದ ಇನ್ನೊಂದು ಕಣ್ಣು ಇದು. ಎರಡನ್ನೂ ಒಂದೇ ದಿನ, ಒಂದೇ ಕೈ ಹೆಣೆದದ್ದು. ಬಿಚ್ಚು."

ಶೇಷಿ ದಾರ ಕೊಯ್ದಳು. ಎಣಿಸಿದಳು. ಒಂದು. ಎರಡು.

ಮೂರನೆಯದು ಇರಲಿಲ್ಲ. ಎಳೆಗಳನ್ನು ಅಲ್ಲೇ ಕತ್ತರಿಸಿ ಮೇಲೆ ದಾರ ಸುತ್ತಿದ್ದರು.

ಅವಳು ಎಳೆಯ ದಾರಿ ನೋಡಿದಳು. ಎಡದಿಂದ ತೂರಿತ್ತು. ಆ ದಂಡೆಯಲ್ಲಿ ಎಡಗೈಯಲ್ಲಿ ಹೆಣೆಯುವವನು ಒಬ್ಬನೇ.

"ಇದು ನಿನ್ನ ಕೈ."

"ನನ್ನದೇ."

"ಯಾಕೆ?"

"ಸಂಜೆಯೊಳಗೆ ದೋಣಿ ನೀರಿಗಿಳೀಬೇಕು ಅಂದ ಧಣಿ. ಇನ್ನೆರಡು ದಿನ ಕೊಡಿ ಅಂದೆ. ಸುತ್ತಿಬಿಡೋ, ಒಳಗೆ ಯಾರು ನೋಡ್ತಾರೆ ಅಂದ."

"ಅವನು ಅಂದ. ನೀನು ಸುತ್ತಿದೆ. ಹತ್ತಿದವನು ವಾಸು."

"ಹೌದು."

"ಗಾಳಿ ಅಂದಾಗ ಸುಮ್ಮನೆ ನಿಂತಿದ್ದೆಯಲ್ಲ! ನನ್ನ ಕೈಯ ಗಂಜಿ ಕುಡಿದೆಯಲ್ಲ!"

"ಹೇಡಿ ನಾನು. ಹೇಳೋಕೆ ಬಾಯಿ ಬರಲಿಲ್ಲ. ಎಣಿಸೋದು ಕಲಿಸೋಕೆ ಕೈ ಬಂತು."

ಹೊಸ ದೋಣಿಯ ಮೇಲಿಂದ ಧಣಿ ಕೂಗಿದ. "ಏನೋ ಮುದುಕ, ಎಲ್ಲ ಸುತ್ತಿ ಆಯ್ತಾ?"

ಶೇಷಿ ದೋಣಿಯತ್ತ ನೋಡಿದಳು. ಅಲ್ಲಿ ಹದಿನಾಲ್ಕು ಕಣ್ಣುಗಳು, ಹದಿನಾಲ್ಕೂ ಕಪ್ಪಗೆ ಮಿನುಗುತ್ತಿದ್ದವು.

"ಅವುಗಳೊಳಗೆ ಎಷ್ಟು ಸಲ ತೂರಿಸಿದ್ದೀಯ?"

"ಐದೈದು."

"ನಿನ್ನ ಮಾತನ್ನು ನಂಬಲಾ?"

ಜಟಗಜ್ಜ ತನ್ನ ಚೂರಿಯನ್ನು ಅವಳ ಕೈಗಿಟ್ಟ.

"ನಂಬಬೇಡ. ಹದಿನಾಲ್ಕನ್ನೂ ಬಿಚ್ಚಿ ಎಣಿಸು. ಆಮೇಲೆ ದಾರ ಸುತ್ತದೆ ಹಾಗೇ ಬಿಡು. ಹತ್ತುವವನೂ ಎಣಿಸಲಿ."