ಮೂಡ್ಲಗಿರಿ ಗಾಡಿಯ ಸದ್ದು ನಿಲ್ಲಿಸಿದ್ದು

ನಗು ಬಂದರೆ ನಗಿ, ತಡೆದುಕೊಂಡು ಹೊಟ್ಟೆ ನೋಯಿಸಿಕೊಂಡರೆ ನಾನು ಹೊಣೆಯಲ್ಲ.

ಶಿರಾ ದಾರಿಯಲ್ಲಿ ಒಂದು ಗ್ಯಾರೇಜು, ಅದರ ಒಡತಿ ಕೆಂಚಮ್ಮ. ಗಂಡ ಸತ್ತ ಮೇಲೆ ಸ್ಪ್ಯಾನರ್ ಹಿಡಿದವಳು, ಎಂಜಿನ್ ಕೆಮ್ಮಿದರೆ ಸಾಕು, ಕಾಯಿಲೆ ಇಂಥದ್ದೇ ಎಂದು ಹೇಳುವವಳು. ಅವಳಿಗೆ ಒಬ್ಬನೇ ಮಗ, ಮೂವತ್ತು ದಾಟಿದ ಮೂಡ್ಲಗಿರಿ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಕಷ್ಟ ಇದ್ದದ್ದೇ ಅಲ್ಲಿ! ಸುತ್ತೇಳು ಹಳ್ಳಿಯಲ್ಲಿ ಒಬ್ಬರೂ ಅವನಿಗೆ ಹೆಣ್ಣು ಕೊಡಲಿಲ್ಲ. "ನಾನು ಕಣ್ಣು ಮುಚ್ಚೋದ್ರೊಳಗೆ ಇವನಿಗೊಂದು ಮದುವೆ ಆದ್ರೆ ಸಾಕಪ್ಪಾ!" ಎಂದು ಕೆಂಚಮ್ಮ ದಿನಾ ಕೊರಗುತ್ತಿದ್ದಳು.

ಒಂದು ದಿನ ಢಗ್ ಢಗ್ ಢಗ್ ಎಂದು ಬೀದಿಯೆಲ್ಲ ಬೆಚ್ಚಿ ಬೀಳುವಂತೆ ಒಂದು ಹಳೇ ಕಾರು ಬಂತು. ಹಿರಿಯೂರಿನ ನಿಂಗರಾಜಪ್ಪನದು. ಎಂಜಿನ್ನಿನ ಹೊಗೆಯನ್ನು ಹಿಂದಕ್ಕೆ ಸಾಗಿಸುವ ಮ್ಯಾನಿಫೋಲ್ಡ್ ಪೈಪು ಬಿರುಕು ಬಿಟ್ಟು, ಹೊಗೆಯೆಲ್ಲ ಮುಂದೆಯೇ ಸೋರುತ್ತಿತ್ತು.

ನಿಂಗರಾಜಪ್ಪ ಮೂಡ್ಲಗಿರಿಯನ್ನು ಮೇಲಿಂದ ಕೆಳಗೆ ನೋಡಿದ. "ನಮ್ಮ ತಂಗಿ ಮಗಳಿಗೆ ಗಂಡು ಹುಡುಕ್ತಾ ಇದೀನಿ ಕಣಮ್ಮ. ನಿಮ್ಮ ಹುಡುಗ ಹೆಂಗೆ?"

"ಹೇಳಿದ ಮಾತು ಮೀರೋನಲ್ಲ ಅಣ್ಣಾ!" ಅಂದಳು ಕೆಂಚಮ್ಮ. ಸುಳ್ಳೇನಲ್ಲ!

"ಹಂಗಾದ್ರೆ ಅವನ ಕೈಲೇ ರಿಪೇರಿ ಆಗ್ಲಿ. ಸದ್ದು ನಿಂತ್ರೆ ಇದೇ ಗಾಡೀಲಿ ಹೆಣ್ಣು ನೋಡೋಕೆ ಹೋಗೋಣ!"

ಕೆಂಚಮ್ಮ ಮಗನನ್ನು ಗಾಡಿಯ ಮುಂದಕ್ಕೆ ತಳ್ಳಿದಳು. "ಗಿರೀ, ಪೈಪು ಎಲ್ಲಿ ಸೀಳಿದೆ ಕೈಯಿಟ್ಟು ನೋಡಪ್ಪಾ" ಅಂದಳು. ಅವನು ಕೈಯಿಟ್ಟ. ಎಂಜಿನ್ ಆಗಷ್ಟೇ ನಿಂತಿತ್ತು. ಚುರ್ರ್!

"ಅಯ್ಯೋ ಪೆದ್ದೇ! ಬಿಸಿ ಇದ್ರೆ ಮುಟ್ಟಬಾರ್ದು ಕಣೋ! ತಣ್ಣಗಾಗೋ ತನಕ ಪಕ್ಕದಲ್ಲಿ ಕೂತಿರಬೇಕು!"

"ಹಂಗೇ ಆಗ್ಲವ್ವಾ!"

ಪೈಪು ಬಿಚ್ಚಿದ್ದಾಯಿತು. ನಿಂಗರಾಜಪ್ಪನಿಗೆ ಟೀ ತಾ ಎಂದು ಎದುರು ಹೋಟೆಲಿಗೆ ಕಳಿಸಿದಳು. ಹೋದವನು ಬಂದನೇ? ಇಲ್ಲ! ಟೀ ಲೋಟದ ಪಕ್ಕದಲ್ಲಿ ಕೂತ. ಆವಿ ಹೋಯಿತು, ಕೆನೆ ಕಟ್ಟಿತು, ನೊಣ ಬಿತ್ತು. ಆಮೇಲೆ ತಂದು ಕೊಟ್ಟ.

"ಥೂ ನಿನ್ನ! ಬಿಸಿ ಬಿಸಿ ಇದ್ದಾಗ್ಲೇ ಓಡೋಡಿ ತಂದು ಅವರ ಕೈಗೇ ಕೊಡ್ಬೇಕು!"

"ಹಂಗೇ ಆಗ್ಲವ್ವಾ!"

ಬಿರುಕು ಬಿಟ್ಟ ಪೈಪನ್ನು ವೆಲ್ಡಿಂಗ್ ಅಂಗಡಿಗೆ ಕಳಿಸಿದಳು. ವೆಲ್ಡ್ ಮುಗಿದದ್ದೇ ತಡ, ಇಕ್ಕಳದಲ್ಲಿ ಹಿಡಿದು ಓಡೋಡಿ ಬಂದ. ನಿಂಗರಾಜಪ್ಪ ಬೆಂಚಿನ ಮೇಲೆ ತೂಕಡಿಸುತ್ತಿದ್ದ. "ತಗಳಿ ಯಜಮಾನ್ರೇ, ಬಿಸಿ ಬಿಸಿ!" ಪೈಪು ಕೈಗೆ ಸಿಗದೆ ಪಂಚೆ ಮೇಲೆ ಬಿತ್ತು. ನಿಂಗರಾಜಪ್ಪ ಕುಣಿದ ಕುಣಿತ ನೋಡಲು ಬೀದಿಯೇ ನೆರೆಯಿತು.

"ಹಾಳಾಗ್ಹೋಗ! ಅಂಗಡಿಯಿಂದ ತರೋವಾಗ ನೀರಲ್ಲಿ ಅದ್ದಿ ತರಬೇಕು ಕಣೋ!"

"ಹಂಗೇ ಆಗ್ಲವ್ವಾ!"

ಪೈಪಿಗೂ ಎಂಜಿನ್ನಿಗೂ ನಡುವೆ ಕೂರಿಸಲು ರಟ್ಟಿನಂಥ ಪ್ಯಾಕಿಂಗ್ ಬೇಕಿತ್ತು. ತಂದ. ದಾರಿಯ ತೊಟ್ಟಿಯಲ್ಲಿ ಮೂರು ಸಲ ಅದ್ದಿ ತಂದ. ಕೆಂಚಮ್ಮನ ಕೈಗೆ ಬಂದದ್ದು ನೆಂದ ಹಪ್ಪಳ.

"ನನ್ನ ಕರ್ಮವೇ! ಹೊಸದಕ್ಕೆ ನೀರು ಗಾಳಿ ತಾಗಬಾರ್ದು! ಒಳ್ಳೇ ಬಟ್ಟೆ ಹಾಕಿ ಬಿಗಿಯಾಗಿ ಮುಚ್ಚಬೇಕು!"

"ಹಂಗೇ ಆಗ್ಲವ್ವಾ!"

ಇನ್ನೊಂದು ಪ್ಯಾಕಿಂಗನ್ನು ತಾನೇ ಹೋಗಿ ತಂದಳು. ಮಗನ ಪಕ್ಕದಲ್ಲೇ ಕೂತು, ಈ ನಟ್ಟು ತಿರುಗಿಸು, ಸಾಕು, ಆ ನಟ್ಟು ತಿರುಗಿಸು, ಸಾಕು, ಎಂದು ಒಂದೊಂದನ್ನೂ ಅವನ ಕೈಲೇ ಬಿಗಿಸಿದಳು. ಸ್ಟಾರ್ಟ್ ಮಾಡಿದರೆ, ಆಹಾ! ಗಾಡಿ ಬೆಕ್ಕಿನ ಹಾಗೆ ಗುರುಗುಟ್ಟಿತು. ನಿಂಗರಾಜಪ್ಪ ಸುಟ್ಟ ಪಂಚೆಯನ್ನೂ ಮರೆತ. "ಭಲೇ! ಹೊಚ್ಚ ಹೊಸ ಗಾಡಿ ಆಯ್ತಲ್ಲೋ! ಹತ್ತಿ, ಹೆಣ್ಣಿನ ಮನೆಗೆ!" ಕೆಂಚಮ್ಮ ಕಣ್ಣೊರೆಸಿಕೊಂಡು, ಪೆಟ್ಟಿಗೆಯಲ್ಲಿ ಎಷ್ಟೋ ವರ್ಷದಿಂದ ಸೊಸೆಗೆಂದು ಇಟ್ಟಿದ್ದ ರೇಷ್ಮೆ ಸೀರೆ ತೆಗೆದುಕೊಂಡಳು.

ಹೆಣ್ಣಿನ ಹೆಸರು ರಂಗಲಕ್ಷ್ಮಿ. ಉಪ್ಪಿಟ್ಟು ಬಂತು, ಕಾಫಿ ಬಂತು. ಮೂಡ್ಲಗಿರಿ ತುಟಿ ಬಿಚ್ಚಲಿಲ್ಲ, ಎಲ್ಲರಿಗೂ ಇಷ್ಟವಾದ. "ಗಂಭೀರ ಹುಡುಗ" ಅಂದರು. ಕೆಂಚಮ್ಮ ಹಿಗ್ಗಿ, "ಗಿರೀ, ಗಾಡೀಲಿರೋ ಸೀರೆ ತಾರಪ್ಪಾ" ಅಂದಳು.

ಹೋದ. ಸೀರೆ ತೆಗೆದ. ನೋಡುತ್ತಾನೆ, ಹೊಚ್ಚ ಹೊಸ ಗಾಡಿ, ಹಿಂದುಗಡೆ ಸೈಲೆನ್ಸರ್ ಬಾಯಿ ತೆರೆದೇ ಇದೆ! ಗಾಳಿ ನುಗ್ಗುತ್ತಿದೆ! ಒಳ್ಳೇ ಬಟ್ಟೆ ಎಲ್ಲಿ? ಕೈಯಲ್ಲೇ ಇದೆ! ಸೆರಗಿನಿಂದ ಶುರುಮಾಡಿ ಆರು ಗಜವನ್ನೂ ಒಳಗೆ ತುರುಕಿದ.

ಅಷ್ಟರಲ್ಲಿ ನಿಂಗರಾಜಪ್ಪ, "ಬನ್ನಿ, ಹುಡುಗನ ಕೆಲ್ಸ ತೋರಿಸ್ತೀನಿ" ಎಂದು ಮನೆಯವರನ್ನೆಲ್ಲ ಹೊರಗೆ ಕರೆತಂದ. ಕೀಲಿ ತಿರುಗಿಸಿದ. ಗೊರ್... ಗೊರ್... ನಿಂತಿತು.

"ಸದ್ದೇ ಇಲ್ಲ ನೋಡಿ!" ಎಂದು ಮೂಡ್ಲಗಿರಿ ಚಪ್ಪಾಳೆ ತಟ್ಟಿದ.

"ಕೆಂಚಮ್ಮಾ, ನೀವು ಸ್ಟಾರ್ಟ್ ಮಾಡಿ, ನಾನು ಹಿಂದೆ ನೋಡ್ತೀನಿ" ಎಂದು ನಿಂಗರಾಜಪ್ಪ ಸೈಲೆನ್ಸರಿಗೆ ಮುಖವೊಡ್ಡಿ ಬಗ್ಗಿದ. ಕೆಂಚಮ್ಮ ಕೀಲಿ ತಿರುಗಿಸಿದಳು. ಗೊರ್... ಗೊರ್... ಢಮಾರ್!

ಸೀರೆ ಹಾರಿ ರಂಗಲಕ್ಷ್ಮಿಯ ಕಾಲ ಬಳಿ ಬಿತ್ತು. ನಿಂಗರಾಜಪ್ಪನ ಮುಖ ಬಾಣಲೆ ತಳವಾಯಿತು, ಮೀಸೆ ಎಲ್ಲಿ ಕೆನ್ನೆ ಎಲ್ಲಿ ಗೊತ್ತಾಗಲಿಲ್ಲ. ರಂಗಲಕ್ಷ್ಮಿ ಬಾಗಿಲು ಹಿಡಿದುಕೊಂಡು ನಕ್ಕಳು, ನಕ್ಕಳು, ಕೆಳಗೆ ಕೂತು ನಕ್ಕಳು.

ಕೆಂಚಮ್ಮನಿಗೆ ಮಾತ್ರ ಅಳುವೇ ಬಂತು. ಸೀರೆ ಎತ್ತಿಕೊಂಡು ಕೂಗಿದಳು: "ಮನೆಹಾಳಾ! ಈ ಮಸಿ ನೀರಿಗೆ ಹೋಗುತ್ತೇನೋ? ಸೀಮೆಎಣ್ಣೆ ಸುರಿದು ಬ್ರಷ್ ತಗೊಂಡು ತಿಕ್ಕಬೇಕು ಕಣೋ!"

"ಹಂಗೇ ಆಗ್ಲವ್ವಾ!"

ಡಿಕ್ಕಿಯಲ್ಲಿ ಸೀಮೆಎಣ್ಣೆ ಕ್ಯಾನು ಇತ್ತು, ತಂತಿ ಬ್ರಷ್ಷೂ ಇತ್ತು. ಎರಡನ್ನೂ ಹಿಡಿದು ಮೂಡ್ಲಗಿರಿ ಸೀರೆಯ ಕಡೆ ತಿರುಗಿಯೂ ನೋಡಲಿಲ್ಲ. ಅದಕ್ಕಿಂತ ಹೆಚ್ಚು ಮಸಿ ಇದ್ದದ್ದು ನಿಂಗರಾಜಪ್ಪನ ಮುಖದ ಮೇಲೆ. "ಯಜಮಾನ್ರೇ, ಅಲ್ಲಾಡಬೇಡಿ!" ಎಂದು ನುಗ್ಗಿದ.

ಹೆಣ್ಣು ಕೊಟ್ಟರಾ ಅಂತ ಕೇಳುತ್ತೀರಾ? ಹುಡುಗಿಯನ್ನು ಕೇಳಿದರೆ ಅವಳಿಗೆ ನಗು ನಿಂತಿಲ್ಲ. ಹಿರಿಯರು ನಿಂಗರಾಜಪ್ಪನೇ ಹೇಳಬೇಕು ಎನ್ನುತ್ತಾರೆ. ನಿಂಗರಾಜಪ್ಪ ಹಿರಿಯೂರು ದಾರಿಯಲ್ಲಿ ಓಡುತ್ತಿದ್ದಾನೆ, ಬ್ರಷ್ ಹಿಡಿದ ಮೂಡ್ಲಗಿರಿ ಅವನ ಹಿಂದೆ ಓಡುತ್ತಿದ್ದಾನೆ. ಅವರಿಬ್ಬರೂ ನಿಂತ ಮೇಲೆ ಕೇಳಿ ಹೇಳುತ್ತೇನೆ.